ಹಾಳಾದ ಫ್ರೇಮುಗಳು

ಅಪ್ಪನ ಕ್ಯಾಮೆರಾ ಇಟ್ಟಿಗೆಯಷ್ಟು ಭಾರ, ಇಟ್ಟಿಗೆಯದೇ ಆಕಾರ.
ಒಳಗೆ ಮೂವತ್ತಾರು ಚಿತ್ರಕ್ಕಾಗುವಷ್ಟು ಫಿಲ್ಮು.
ಮಿನಿಯಾಪೊಲಿಸ್‌ನಿಂದ ಟಕೋಮಾಗೆ ಎರಡು ರಾತ್ರಿ, ಒಂದು ಹಗಲು,
ಅರವತ್ತೊಂದರ ಏಪ್ರಿಲ್.
ಬರುವ ತಿಂಗಳಿಂದ ಈ ಗಾಡಿ ಇಲ್ಲ ಎಂದು
ಟಿಕೆಟ್ ಕೊಟ್ಟವನು ಹೇಳಿದ,
ನಾಳೆ ಮೋಡ ಇರಬಹುದು ಅನ್ನುವ ದನಿಯಲ್ಲಿ.

ಕೊನೆಯ ಬೋಗಿಯ ಬೆನ್ನು ಪೂರ್ತಿ ಗಾಜು.
ಅಲ್ಲಿ ಕೂತವರಿಗೆ ಬರುವುದು ಕಾಣುವುದಿಲ್ಲ,
ಹೋದದ್ದು ಮಾತ್ರ.
ಹಳಿ ನಮ್ಮ ಕಾಲಡಿಯಲ್ಲೇ ಹುಟ್ಟಿ
ಎರಡಿದ್ದದ್ದು ಒಂದಾಗಿ, ಒಂದು ಸೂಜಿಯಾಗಿ
ದೂರದ ಹುಲ್ಲುಗಾವಲಿಗೆ ಚುಚ್ಚಿಕೊಳ್ಳುತ್ತಿತ್ತು.

ಫಿಲ್ಮು ಸೋಮಾರಿ, ಗಾಡಿಗೆ ಅವಸರ.
ಉಸಿರು ಕಟ್ಟಿ ಒತ್ತುವಷ್ಟರಲ್ಲಿ
ನೀರಿನ ಟ್ಯಾಂಕು ಹೋಯಿತು, ಬಿಳಿ ಕುದುರೆ ಹೋಯಿತು,
ತಂತಿಬೇಲಿಗೆ ಒಣಹಾಕಿದ್ದ ಯಾರದೋ ನೀಲಿ ಅಂಗಿ
ಕೈ ಬೀಸಿ ಹೋಯಿತು.

ಆಗ ಅವನು ಬಂದ, ತಟ್ಟೆಯಲ್ಲಿ ಕಾಫಿ ಹಿಡಿದು.
ಆ ಕಾಲದಲ್ಲಿ ರೈಲಿನ ಕರಿಯ ಪೋರ್ಟರುಗಳನ್ನೆಲ್ಲ
ಜಾರ್ಜ್ ಎಂದೇ ಕೂಗುತ್ತಿದ್ದರು.
ಹಾರ್ಲೋಟನ್ ಬರುವವರೆಗೆ ನಾನೂ ಕೂಗಿದ್ದೆ.
ಬಾಗಿಲ ಮೇಲೆ ಪುಟ್ಟ ಚೌಕಟ್ಟಿನಲ್ಲೊಂದು ಚೀಟಿ:
ನಿಮ್ಮ ಸೇವೆಯಲ್ಲಿ, ಎಲ್. ಗ್ಯಾಡ್ಸ್‌ಡನ್.
ಎಲ್ ಅಂದರೆ ಏನು ಎಂದು ಕೇಳಬಹುದಿತ್ತು.

"ಅವಸರ ಬೇಡ ಮಿಸ್, ನದಿ ಇನ್ನೂ ನಾಲ್ಕು ನಿಮಿಷ."
ಗಡಿಯಾರ ನೋಡಲಿಲ್ಲ. ಕಿಟಕಿಯನ್ನೂ ನೋಡಲಿಲ್ಲ.
ಹತ್ತೊಂಬತ್ತು ವರ್ಷದಿಂದ ಈ ದಾರಿಯ ತಿರುವುಗಳನ್ನು
ತುಂಬಿದ ಕಪ್ಪಿನಲ್ಲಿ ಕಾಫಿ ಯಾವ ಕಡೆ ವಾಲುತ್ತದೆ
ಎಂಬುದರಿಂದಲೇ ಕಲಿತವನು.
ನದಿ ಬಂತು.
ಆಮೇಲೆ ಅವನೇ ನನ್ನ ಬೆಳಕಿನ ಮೀಟರು, ನನ್ನ ನಕ್ಷೆ:
ಈಗ ಸುರಂಗ, ಲೆನ್ಸು ಮುಚ್ಚಿ.
ಈಗ ಸೇತುವೆ, ಸೂರ್ಯ ಎಡಗಡೆ.
ಸಿಕ್ಸ್‌ಟೀನ್ ಮೈಲ್ ಕಣಿವೆಯಲ್ಲಿ
ಬಂಡೆಗಳು ಕೈಗೆ ಸಿಗುವಷ್ಟು ಹತ್ತಿರ ಬಂದಾಗ
ಅವನೂ ನನ್ನ ಹಿಂದೆಯೇ ನಿಂತಿದ್ದ,
ಮುಂದಿನ ಬೋಗಿಯಿಂದ ಗಂಟೆ ಒಂದೇ ಸಮನೆ ಕರೆಯುತ್ತಿದ್ದರೂ.

ಸ್ಲೈಡುಗಳು ತೊಳೆದು ಬಂದವು. ನೋಡಿದರೆ
ಬಹಳಷ್ಟರಲ್ಲಿ ಬೆಟ್ಟದ ಮೇಲೊಂದು ಬಿಳಿ ಕಲೆ.
ಗಾಜಿನಲ್ಲಿ ಅವನ ಕೋಟು.
ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ,
ಅರ್ಧ ತಿಂಗಳ ಸಂಬಳದ ಫಿಲ್ಮು ತೊಳೆಸಿದ ಖರ್ಚು ಸೇರಿ.
ಕೆಂಪು ಪೆನ್ಸಿಲಿನಲ್ಲಿ ರಟ್ಟಿನ ಅಂಚಿಗೆ
ಹಾಳು, ಹಾಳು, ಹಾಳು ಎಂದು ಬರೆದು
ಬಿಸ್ಕತ್ತಿನ ಡಬ್ಬಿಗೆ ಹಾಕಿದೆ.

ತಾಮ್ರದ ತಂತಿಯನ್ನು ಇಳಿಸಿ ಮಾರಿದರು.
ಹಳಿ ಕಿತ್ತರು. ಸೇತುವೆಯ ಮೇಲೆ ಈಗ
ದನಗಳೂ ದಾಟುವುದಿಲ್ಲವಂತೆ.
ಮೊನ್ನೆ ಮ್ಯೂಸಿಯಮ್ಮಿನಿಂದ ವೇಡ್ ಎಂಬ ಹುಡುಗ ಬಂದ,
ಕೈಗೆ ಬಟ್ಟೆಯ ಗವಸು ತೊಟ್ಟು
ಚೆನ್ನಾಗಿರುವವು ಹನ್ನೊಂದನ್ನು ಆರಿಸಿಕೊಂಡು ಹೋದ.
ಇಪ್ಪತ್ತೈದು ಉಳಿದವು ನನಗೆ.

ಅಡುಗೆಮನೆಯ ಗೋಡೆಗೆ ಬೆಳಕು ಬಿಟ್ಟೆ.
ಬಿಗ್ ಬೆಲ್ಟ್ ಬೆಟ್ಟಸಾಲು, ಅದರ ಮೇಲೆ ಮೂರು ಗುಂಡಿ.
ಹೊಳೆ, ಹೊಳೆಯಲ್ಲಿ ಒಂದು ಮಡಿಸಿದ ಕರವಸ್ತ್ರ.
ಮೋಡವೆಂದುಕೊಂಡದ್ದು ಇಸ್ತ್ರಿ ಮಾಡಿದ ತೋಳು.
ಅಷ್ಟು ದೊಡ್ಡ ಮೊಂಟಾನಾ
ಒಬ್ಬನ ಎದೆಯ ಅಗಲಕ್ಕೆ ಸರಿಯಾಗಿ ಹೊಂದಿತ್ತು,
ನಾನು ತಿರುಗಿ ನೇರ ಅವನದೇ ಒಂದು ಚಿತ್ರ ತೆಗೆದಿರಲಿಲ್ಲ.

ಇಪ್ಪತ್ತೆಂಟನೆಯದರಲ್ಲಿ ಮುಖ ಇದೆ.
ಹಳಿ ಸರಿಯಾಗಿ ಅವನ ಗಂಟಲಿಂದ ಹೊರಡುತ್ತದೆ.
ತುಟಿ ತೆರೆದಿದೆ.
"ಈಗ" ಎಂದಿರಬೇಕು, ನಾನು ಒತ್ತಿರಬೇಕು.
ಅಥವಾ ಇನ್ನೂ ಕಾಫಿ ಬೇಕೇ ಎಂದಿದ್ದನೋ.
ಪ್ರೊಜೆಕ್ಟರು ಕಾದು ವಾಸನೆ ಬರುತ್ತಿದೆ,
ಆರಿಸಬೇಕು,
ಇದೊಂದನ್ನು ಇನ್ನೊಮ್ಮೆ ನೋಡಿ.