ಕಿಲೋ ಗಾಳಿಗೆ ಹದಿನಾರು ಗ್ರಾಂ

ಗಾಳಿಗೂ ತೂಕವಿದೆ ಎಂದರೆ
ಅಂದುಞ್ಞಿ ಇಚ್ಚ ನಗುತ್ತಾರೆ.
ನಲವತ್ತು ವರ್ಷ ತಗಡು ಮಡಚಿದ ಕೈ,
ಎಡ ಹೆಬ್ಬೆರಳಿಗೆ ಉಗುರಿಲ್ಲ.
ಗಾಳಿಗೆ ಅವರು ‘ಕಾಟ್ಟ್’ ಅನ್ನುತ್ತಾರೆ,
ನನ್ನ ಕಿವಿಗೆ ಬೀಳುವುದು ‘ಕಾಟ’.

ಹೌದು ಇಚ್ಚ, ಕಾಟವೇ.
ತಳಂಗರೆಯ ಹೆರಿಗೆ ಆಸ್ಪತ್ರೆ, ಮೂರನೆಯ ಮಹಡಿ,
ಆಪರೇಶನ್ ಕೋಣೆಗೆ ಗಾಳಿ ಹದಮಾಡುವ ಪೆಟ್ಟಿಗೆ.
ಗಂಟೆಗೆ ಇಪ್ಪತ್ತು ಸಲ ಒಳಗಿನದೆಲ್ಲ ಬದಲಾಗಬೇಕು,
ಒಮ್ಮೆ ಹೋದದ್ದು ಮತ್ತೆ ಬರಕೂಡದು,
ಕತ್ತರಿ ಹಿಡಿದವರು ಬೆವರಬಾರದು,
ಈಗಷ್ಟೇ ಹೊರಬಂದದ್ದು ನಡುಗಬಾರದು.
ಇಷ್ಟನ್ನೂ ಬ್ಯಾಂಕ್ ರೋಡಿನ ಬಾಡಿಗೆ ಕೋಣೆಯಲ್ಲಿ
ಕರೆಂಟು ಹೋದ ಮಧ್ಯಾಹ್ನ
ಕ್ಯಾಲೆಂಡರಿನ ರಟ್ಟು ಬೀಸಿಕೊಳ್ಳುತ್ತ
ಲೆಕ್ಕ ಹಾಕಿದವಳು ನಾನು.

ಮೊದಲು ಪಡುವಣಕ್ಕೆ ಬಾಯಿ ಇಟ್ಟಿದ್ದೆ.
ದಾರಿ ಹತ್ತಿರ, ತಗಡು ಉಳಿತಾಯ.
ಇಚ್ಚ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು,
ಕಡಲಿನ ಕಡೆ ಗಲ್ಲ ಎತ್ತಿದರು,
ನನ್ನನ್ನು ಕೆಳಗೆ ಕರೆದೊಯ್ದು ತಮ್ಮ ಸೈಕಲ್ ತೋರಿಸಿದರು:
ಕೈ ಹಿಡಿಯುವಲ್ಲಿ ಮಾತ್ರ ಉಕ್ಕು,
ಉಳಿದದ್ದು ತುಕ್ಕು.
ಮಾತಾಡಲಿಲ್ಲ.

ಬಾಯಿಯನ್ನು ಮೂಡಣಕ್ಕೆ ತಿರುಗಿಸಿದೆ.
ಹದಿನೆಂಟು ಅಡಿ ತಗಡು ಹೆಚ್ಚಾಯಿತು,
ಆಸ್ಪತ್ರೆಯ ಮಾಲಕರು ಎರಡು ವಾರ
ನನ್ನ ಫೋನು ಎತ್ತಲಿಲ್ಲ.

ಆದರೂ ತಪ್ಪಿತು, ಬೇರೆ ಕಡೆ.
ಶುರುವಾಗಿ ಒಂಬತ್ತನೆಯ ದಿನ
ಎರಡನೆಯ ಮಹಡಿಯ ಚಾವಣಿಯಲ್ಲಿ
ಆಡಿನ ತಲೆಯಷ್ಟು ಒದ್ದೆ.
ಫ್ಯಾನು ಒಳಕ್ಕೆಳೆಯುತ್ತದೆ, ನೀರು ಇಳಿಯಲೊಲ್ಲದು,
ತಟ್ಟೆಯಲ್ಲೇ ನಿಂತು ಕುಣಿಯುತ್ತದೆ.
ಕೊಳವೆಯ ಬಾಗು ನಾಲ್ಕಿಂಚು ಇಳಿಯಬೇಕಿತ್ತು,
ನಾನು ಬರೆದದ್ದು ಎರಡು.
ಟಾರ್ಚು ಹಲ್ಲಲ್ಲಿ ಕಚ್ಚಿ, ಮೊಣಕಾಲೂರಿ,
ನನ್ನದೇ ಕೈಬರಹದ ಆ ‘ಎರಡ’ನ್ನು ಗರಗಸದಲ್ಲಿ ಕೊಯ್ದೆ.
ಇಚ್ಚ ಹೊಸ ಬಾಗು ಕೂಡಿಸಿ
ಅದರ ಗಂಟಲಿಗೆ ಒಂದು ಲೋಟ ನೀರು ಹೊಯ್ದರು.
ಒಂದು ಗುಟುಕು ಇಟ್ಟುಕೊಂಡ ಮೇಲೆಯೇ
ಅದು ಉಳಿದದ್ದನ್ನು ಬಿಟ್ಟಿತು.

ಏಪ್ರಿಲ್ ಬಂತು. ಚಂದ್ರಗಿರಿಯಲ್ಲಿ ಕಡಲು ಮೇಲೇರಿತು,
ಊರ ನಲ್ಲಿಗಳೆಲ್ಲ ಉಪ್ಪುಪ್ಪು.
ಆಸ್ಪತ್ರೆಯ ಹಿಂದೆ, ನನ್ನ ಕೊಳವೆ ಮುಗಿಯುವಲ್ಲಿ,
ಒಂದು ಅಲ್ಯೂಮಿನಿಯಂ ಕೊಡ ಕಂಡೆ.
ಪಕ್ಕದಲ್ಲಿ ದೆಯ್ಯಕ್ಕು, ಹಸಿರು ಬಟ್ಟೆಗಳ ರಾಶಿ,
ಮೊಣಕೈವರೆಗೆ ನೊರೆ.
ನಲ್ಲಿ ನೀರಿಗೆ ಸೋಪು ಕದಲುವುದೇ ಇಲ್ಲವಂತೆ.
ಗಂಟೆಗೆ ಎರಡು ಕೊಡ ಬರುತ್ತದಂತೆ.
ಅದು ನನಗೆ ಗೊತ್ತಿತ್ತು, ಬೇರೆ ಭಾಷೆಯಲ್ಲಿ:
ಕಿಲೋ ಗಾಳಿಗೆ ಹದಿನಾರು ಗ್ರಾಂ.
ನಕ್ಷೆಯಲ್ಲಿ ಅದು ಒಂದು ಚುಕ್ಕೆಗೆರೆ,
ಮೂಲೆಯಲ್ಲಿ, ಹೊರಕ್ಕೆ ಹೋಗಲಿ ಎಂದು ಬಿಟ್ಟದ್ದು.

‘ಉಂದು ಓಳ್ತ ನೀರ್ ಅಕ್ಕಾ?’

ಏನೆನ್ನಲಿ? ಮೂಡಣ ಓಣಿಯದು.
ಹಗ್ಗದ ಮೇಲೆ ಒಣಗುವ ಲುಂಗಿಗಳದು,
ಬೇಯುವ ಕುಚ್ಚಲಕ್ಕಿಯದು,
ಬಸ್ಸು ಕಾಯುವವರ ಬೆನ್ನಿನದು,
ಬಹುಶಃ ರಟ್ಟು ಬೀಸಿಕೊಂಡ ನನ್ನದೂ ಒಂದೆರಡು ಹನಿ.
‘ಗಾಳಿಯದು’ ಅಂದೆ.
ತಲೆಗೆ ಬಿಸಿಲು ಬಡಿದವರನ್ನು ನೋಡುವಂತೆ ನೋಡಿ
ಕೊಡ ಬದಲಿಸಿದಳು.

ಈಗ ಉಪ್ಪಳದ್ದೊಂದು ಹೊಸ ಕೆಲಸ.
ಕೊಳವೆಯ ಕೊನೆಯಲ್ಲಿ, ನೆಲಕ್ಕೆ ತಾಗಿ,
ಒಂದಡಿ ಅಗಲದ ಪುಟ್ಟ ವೃತ್ತ ಬರೆದಿದ್ದೇನೆ.
ಇದೇನೆಂದು ಮಾಲಕರು ಇನ್ನೂ ಕೇಳಿಲ್ಲ.
ಇಚ್ಚ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ,
‘ಇನ್ನೂ ಒಂದಿಂಚು ಅಗಲ ಇರಲಿ,’ ಅಂದರು,
‘ಕೊಡಕ್ಕೆ ಹೊಟ್ಟೆ ಇರುತ್ತದೆ.’