ಕಟ್

ಪೀಸಿಗೆ ಒಂದೂವರೆ ರೂಪಾಯಿ.
ಜೀನ್ಸಿನ ಒಳಹೊಲಿಗಿಗೆ ಜೋತುಬಿದ್ದ ದಾರದ ಬಾಲ
ಬೆರಳುದ್ದ ಕತ್ತರಿಲೆ ಕಟ್, ಕಟ್, ಕಟ್.
ತುದಿ ತಪ್ಪಿ ಬಟ್ಟಿಗೆ ತಾಕಿದರ
ಆ ಒಂದೂವರೆಯಾಗೂ ಕಟ್.

ಕೌಲ್ ಬಜಾರಿನಾಗ ಮಧ್ಯಾಹ್ನ ಎರಡಕ್ಕ ಕರೆಂಟ್ ಕಟ್.
ಮಾಸ್ತರ್ ಹೊನ್ನೂರಸಾಬ್ ಬನಿಯನ್ ಎತ್ತಿ
ಹೊಟ್ಟಿಗೆ ಗಾಳಿ ಹಾಕ್ಕೋತ ಅಂತಾನ:
ಶೇಠ್‌ದು ಲೈನ್ ಕಟ್, ನಮ್ಮದು ಕೂಲಿ ಕಟ್,
ಬರ್ರಿ, ಕಟಿಂಗ್ ಚಾ ಕುಡಿಯೋಣು.

ರಾಯಲ್ ಸರ್ಕಲ್‌ನಾಗ ಆಟೋ ಎರ್ರಿಸ್ವಾಮಿ
ಲಾರಿ ಬಸ್ಸಿನ ನಡುವ ಕಟ್ ಹೊಡೀತಾನ.
ನನ್ನ ಜೀವ ಬಾಯಿಗೆ ಬರತೈತಿ,
ಅವ ಹಿಂದ ಹೊಳ್ಳಿ ನಗತಾನ.
ಅವನ ಕಿವಿ ಮ್ಯಾಲ ಮೂರು ಗೆರಿ, ಅದೂ ಕಟ್ಟಂತ,
ಎಂಬತ್ತು ರೂಪಾಯಿ ಕೊಟ್ಟು ಹಾಕಿಸ್ಯಾನ.

ಅತ್ತಿ ತಿಪ್ಪಮ್ಮಗ ಈ ಮಾತು ಹತ್ತೋದಿಲ್ಲ.
ಆಕಿಗೆ ಕಟ್ಟು ಅಂದರ ಕಟ್ಟೋದು.
ಮೆಂತ್ಯಪಲ್ಲೆ ಕಟ್ಟು, ನಡ ಕಟ್ಟು,
ಬ್ಯಾಳಿ ಬಸಿದರ ಮ್ಯಾಲ ನಿಂತ ತಿಳಿ ಕಟ್ಟು.
ಕರೆಂಟ್ ಕಟ್ಟಾತು ಅಂದರ
"ಯಾರು ಕಟ್ಟ್ಯಾರ? ಬಿಚ್ಚಂತ ಹೇಳ್ರಿ" ಅಂತಾಳ.
ನಾವು ನಗತೀವಿ.
ಈ ಸೆಖಿಯೊಳಗ ಅಷ್ಟಾರ ಇರಲಿ.

ಮಗಳು ಕಟ್ಟಿಮ್ಯಾಲ ಕುಂತು ಓದತಾಳ:
ಸಿ ಯು ಟಿ ಕಟ್, ಪಿ ಯು ಟಿ ಪುಟ್.
ಯವ್ವಾ, ಪಟ್ ಯಾಕಲ್ಲ?
ನನಗೇನು ಗೊತ್ತು.
ಖೈರೂನ್‌ಗ ಗೊತ್ತಿರತಿತ್ತು, ಒಂಬತ್ತರ ತನಕ ಓದ್ಯಾಳ,
ನನ್ನ ಎಡಕ್ಕ ಚಾಪಿ ಹಾಕಿ ಏಳು ವರ್ಷ ಕುಂತಾಕಿ.

ಮುನ್ನೂರು ಪೀಸಿನ ಲೆಕ್ಕದಾಗ
ಹದಿನೇಳು ಯಾರವು ಅಂತ ಬಂತು.
ಆಕಿ ಅಂದಳು, ನಾನೂ ಅಂದೆ,
ಅನಬಾರದ್ದು ಇಬ್ಬರೂ ಅಂದಿವಿ.
ಕತ್ತರಿ ನೆಲಕ್ಕಿಟ್ಟು ಎದ್ದಳು:
ಇವತ್ತಿಗೆ ನಂದು ನಿಂದು ಕಟ್.

ಮೊದಲೆಲ್ಲಾ ಕತ್ತಲಾದ ಮ್ಯಾಲ ಮನಿ ಮುಟ್ಟಿದರ
ಒಂದು ರಿಂಗ್ ಕೊಟ್ಟು ಕಟ್ ಮಾಡತಿದ್ದಳು.
ನಾನೂ ಒಂದು ರಿಂಗ್, ಕಟ್.
ದುಡ್ಡು ಹತ್ತದ ಮಾತು. ಆಮ್ಯಾಲ ನಿದ್ದಿ ಬರತಿತ್ತು.
ಈಗ ಇಪ್ಪತ್ತೆರಡು ದಿನ
ಫೋನು ಅಕ್ಕಿ ಡಬ್ಬಿ ಮ್ಯಾಲ ಸುಮ್ಮನ ಕುಂತೈತಿ.

ನಿನ್ನೆ ರಾತ್ರಿ ಹನ್ನೆರಡು ಪ್ಯಾಂಟಿಗೊಂದು ಕಟ್ಟು
ಕಟ್ಟಿ ಕಟ್ಟಿ ಒಟ್ಟತಿದ್ದೆ.
ಗಂಟಿನ ಮ್ಯಾಲ ಬೆರಳಿಟ್ಟು ಒತ್ತಿ ಹಿಡದಿದ್ದಳು ಅತ್ತಿ,
ಇಬ್ಬರ ಉಗುರೂ ನೀಲಿ.
ಏನನ್ನಿಸಿತೋ, ಒಂದು ರಿಂಗ್ ಕೊಟ್ಟೆ.
ಕಟ್ ಮಾಡೋದರೊಳಗ
ಎತ್ತಿಬಿಟ್ಟಳು.

ಹಲೋ ಅನ್ನಲಿಲ್ಲ.
ಆ ಕಡೆ ಮಿಷನ್ನು ಓಡತಿತ್ತು,
ಯಾರದೋ ಕೂಸು ಅಳತಿತ್ತು.
ಈ ಕಡೆ ಬ್ಯಾಲೆನ್ಸು ಕಟ್ಟಾಗತಿತ್ತು, ಆಗಲಿ.
ಹದಿನೇಳು ಪೀಸಿನ ಮಾತು ನಾಲಿಗಿ ತುದಿಗೆ ಬಂದಿತ್ತು,
ಬಾಯಿಂದ ಬಿದ್ದದ್ದು ಬ್ಯಾರೆ:

ಹುಡುಗಿ ಕೇಳತಾಳ, ಖೈರೂನ್,
ಸಿ ಯು ಟಿ ಕಟ್ ಆದರ
ಪಿ ಯು ಟಿ ಯಾಕ ಪುಟ್?

ಸ್ವಲ್ಪ ಹೊತ್ತು ಬರೇ ಮಿಷನ್ನು.
ಆಮ್ಯಾಲ ಮಿಷನ್ನು ನಿಂತಿತು.