ಹನ್ನೆರಡನೇ ನಂಬರಿನ ಸ್ಪ್ಯಾನರ್

ಸಾಲಗಾಮೆ ರಸ್ತೆಯ ಗ್ಯಾರೇಜಿನಲ್ಲಿ
ಷಟರ್ ಅರ್ಧ ಎಳೆದ ಮೇಲೆ,
ಆಯಿಲ್ ಡಬ್ಬದ ಮೇಲಿಟ್ಟ ಹಳೇ ಲ್ಯಾಪ್‌ಟಾಪಿನಲ್ಲಿ
ಸತ್ತ ಮಿಷನ್ನುಗಳು ಒಂದೊಂದೇ ಎದ್ದು ಕೂರುತ್ತವೆ.

ಒಂದೇ ಎಮ್ಯುಲೇಟರು, ಹೊಟ್ಟೆಯೊಳಗೆ ಮೂವತ್ತು ಕನ್ಸೋಲು:
ಕ್ಯಾಸೆಟ್ಟಿನದು, ಸೀಡಿಯದು, ಅಂಗೈಯಲ್ಲಿ ಹಿಡಿಯುವ ಬೂದುಬಣ್ಣದ್ದು.
ಒಂದೇ ಮೆನು. ಜಾಯ್‌ಸ್ಟಿಕ್ಕಿಗೆ
ಒಮ್ಮೆ ಪಾಠ ಹೇಳಿಕೊಟ್ಟರೆ ಮುಗಿಯಿತು.
ಯಾರಿಗೆ ಬೇಡ ಇಂಥ ಸುಖ?

ಹತ್ತಕ್ಕೆ ಡ್ಯೂಟಿ ಮುಗಿಸಿ ದಾಕ್ಷಾಯಿಣಕ್ಕ ಬಂದಳು,
ಖಾಕಿ ಜೇಬಿನಲ್ಲಿ ಇನ್ನೂ ಚಿಲ್ಲರೆಯ ಸದ್ದು.
ಬೇಲೂರು ಟ್ರಿಪ್ಪಿನಲ್ಲಿ ದಿನವಿಡೀ ನಿಂತವಳು
ಟಯರಿನ ಮೇಲೆ ಕುಕ್ಕರಿಸಿ, "ಕೊಡೋ ಇಲ್ಲಿ" ಅಂದಳು.

ಇವಳು ಯಾರೆಂದುಕೊಂಡಿರಿ?
ತೊಂಬತ್ತೇಳರ ಬೇಸಿಗೆ ರಜೆಯಲ್ಲಿ
ಹಳದಿ ಕ್ಯಾಸೆಟ್ಟಿನ ಬಾಯಿಗೆ ಉಫ್ಫೆಂದು ಊದಿ
ಪೆನ್ಷನ್ ಮೊಹಲ್ಲಾದ ಹುಡುಗರನ್ನೆಲ್ಲ ಸೋಲಿಸಿದವಳು,
ಮೂರನೇ ಹೊಂಡವನ್ನು ಕಣ್ಣು ಮುಚ್ಚಿ ಹಾರುತ್ತಿದ್ದವಳು.

ಇವತ್ತು ಬಿದ್ದಳು.
ಮತ್ತೆ ಬಿದ್ದಳು.
ಅದೇ ಹೊಂಡ, ಅದೇ ಅಂಚು, ಕೂದಲೆಳೆಯಷ್ಟು ತಡ.
"ಟಿಕೆಟ್ ಮಿಷನ್ ಒತ್ತೊತ್ತಿ ಬೆರಳು ಸವೆದಿದೆ ಕಣೋ"
ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಸ್ಕ್ರೂ ಸ್ಪ್ಯಾನರು ಎಲ್ಲ ನಟ್ಟಿಗೂ ಬಾಯಿ ತೆರೆಯುತ್ತದೆ;
ಬಿಗಿ ನಟ್ಟು ಸಿಕ್ಕಾಗ ಜಾರಿ, ಮೂಲೆ ತಿಂದುಹಾಕುತ್ತದೆ.
ಆಗ ಗೋಡೆಯ ಮೊಳೆಯಿಂದ ಇಳಿಸುತ್ತೇನೆ
ಹನ್ನೆರಡನೇ ನಂಬರಿನ ರಿಂಗು.
ಅದಕ್ಕೆ ಬೇರೆ ಕೆಲಸವೇ ಗೊತ್ತಿಲ್ಲ.
ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು.
ಗಾದೆ ಗೊತ್ತಿದ್ದೂ ಮೂವತ್ತು ಕಟ್ಟಿಕೊಂಡಿದ್ದೆ.

ಆ ಒಂದೇ ಮಿಷನ್ನಿಗೆಂದು ಯಾರೋ ಪುಣ್ಯಾತ್ಮ
ಬರೆದಿಟ್ಟ ಎಮ್ಯುಲೇಟರನ್ನು ಹಾಕಿದೆ. ಮೆನು ಕುರೂಪ.
ಗುಂಡಿಗಳಿಗೆ ಮತ್ತೆ ಅ ಆ ಇ ಈ.
ಶಿರಾಡಿ ಹತ್ತುವ ಲಾರಿಯಂತೆ ಫ್ಯಾನು ಏದುಸಿರು ಬಿಟ್ಟಿತು.
ಶತ್ರುಗಳು ಐವರಾದರೆ ಪರದೆ ಮಿಣುಕಿತು,
ಅಂದಿನ ದೋಷವೂ ಅಂದಿನಂತೆಯೇ.

ಅಕ್ಕ ಹಾರಿದಳು.
ಮೂರನೆಯದು, ನಾಲ್ಕನೆಯದು, ಬೆಂಕಿಯ ಹಲಗೆ, ತೇಲುವ ಕಲ್ಲು.
ಬೆರಳಿಗೆ ವಯಸ್ಸಾಗಿರಲಿಲ್ಲ; ತಡ ಮಾಡುತ್ತಿದ್ದುದು
ನನ್ನ ಸರ್ವರೋಗದ ಮಾತ್ರೆ.
ಅವಳೇನೂ ಮಾತಾಡಲಿಲ್ಲ. ಎಡಗಾಲಿನ ಚಪ್ಪಲಿ
ತಾನಾಗಿ ಕಳಚಿ ಜ್ಯಾಕಿನ ಪಕ್ಕ ಬಿದ್ದಿತ್ತು,
ಹನ್ನೊಂದನೇ ವಯಸ್ಸಿನಲ್ಲಿ ಬೀಳುತ್ತಿದ್ದ ಹಾಗೆ.

ಮಿಕ್ಕ ಇಪ್ಪತ್ತೊಂಬತ್ತಕ್ಕೆ ಆ ಗಂಟೇ ಇರಲಿ, ಅಳಿಸಿಲ್ಲ.
ಎಲ್ಲ ಆಟಕ್ಕೂ ಒಬ್ಬ ಅಕ್ಕ ಇರುವುದಿಲ್ಲವಲ್ಲ.

"ಸೇವ್ ಮಾಡಲೇನೇ?"
"ಆಗೆಲ್ಲಿತ್ತೋ ಸೇವು?"
ಐದೂಮುಕ್ಕಾಲಕ್ಕೆ ಮೊದಲ ಬಸ್ಸು.
ಒಂದೇ ಜೀವ ಉಳಿದಿತ್ತು. ಅವಳು ಏಳಲಿಲ್ಲ.